ಸೀಲು ಒಡೆಯದ ಬಾಟಲಿ

ಕಾರ್ಖಾನೆಯ ಊಟದ ಕೋಣೆ,
ಮಾರ್ಚ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಮಂಡಿನೋವು ಈಗ ಹೇಗಿದೆ? ನಮ್ಮ ಬಾಯಿಬಡುಕಿಯ ಕೆಮ್ಮು ನಿಂತಿತಾ? ನಾಲ್ಕು ವರ್ಷಕ್ಕೇ ಮನೆಮಂದಿಯನ್ನೆಲ್ಲ ಗದರಿಸುತ್ತಾಳೆ ಅಂತ ಬರೆದಿದ್ದೆಯಲ್ಲ, ನಿನ್ನ ಮಗಳು ತಾನೇ, ಇನ್ನೇನು ಮಾಡುತ್ತಾಳೆ! ಅವಳಿಗೆಂದು ನಾನೇ ಕಳಿಸಿದ ನಮ್ಮ ಕಾರ್ಖಾನೆಯ ಜೇನಂಟಿನ ಸಿರಪ್ಪನ್ನು ಕೊಡಬೇಡಿ ಎಂದು ಮೊನ್ನೆ ಭಾವನಿಗೆ ಫೋನಿನಲ್ಲಿ ಕಿರುಚಿದೆ. ಇನ್ನೂ ಸೀಲೇ ಒಡೆದಿಲ್ಲ ಎಂದು ಅವರು ಹೇಳಿದಾಗ ಅತ್ತುಬಿಟ್ಟೆ. ಯಾಕೆಂದು ಹೇಳಲಾಗಲಿಲ್ಲ, ಅಷ್ಟರಲ್ಲಿ ಕಾರ್ಖಾನೆಯ ಯಜಮಾನರು ಬಾಗಿಲಿಗೆ ಬಂದು ನಿಂತಿದ್ದರು.

ಜೇನುಹುಳಗಳು ಗೂಡಿನ ಬಿರುಕು ಮುಚ್ಚುವ ಅಂಟು ನೀರಿನಲ್ಲಿ ಕರಗುವುದಿಲ್ಲ. ಪುಡಿ ಮಾಡಿ, ಎರಡು ವಾರ ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ತಟ್ಟೆಗಳಲ್ಲಿ ಹರಡಿ ಸ್ಪಿರಿಟ್ಟು ಹಾರಿಹೋದ ಮೇಲೆ ಜೇನು ಬೆರೆಸುತ್ತೇವೆ. ಹೊಟ್ಟೆಗೆ ಹೋಗಬಹುದಾದ ಸ್ಪಿರಿಟ್ಟೇ ಬೇರೆ, ಬಣ್ಣದ ಕೆಲಸದ್ದೇ ಬೇರೆ. ಕಳೆದ ತಿಂಗಳು ಬಂದ ಡ್ರಮ್ಮಿನ ಚೀಟಿಯನ್ನು ಯಾರೋ ಕೆರೆದುಹಾಕಿದ್ದರು. ಉಳಿದ ಚೂರಿನಲ್ಲಿ ತಲೆಬುರುಡೆಯ ಅರ್ಧ ಚಿತ್ರ, ಕೆಳಗೆ 'ಮೆಥ' ಅನ್ನುವಷ್ಟು ಅಕ್ಷರ ಇತ್ತು. ಅದು ಮೆಥನಾಲ್ ಕಣೇ, ಕಣ್ಣು ಕಳೆಯುವ ವಿಷ! ಕೇಳಿದರೆ ಯಜಮಾನರು ಹಲ್ಲು ಕಿರಿದು, "ತಟ್ಟೆಗೆ ಸುರಿದು ಫ್ಯಾನ್ ಹಾಕಮ್ಮ, ಎಲ್ಲಾ ಹಾರಿಹೋಗುತ್ತೆ. ಜೇನಿನದ್ದು ಅಂದಮೇಲೆ ವಿಷ ಎಲ್ಲಿಂದ ಬರುತ್ತೆ?" ಅಂದರು. ಥೂ! ಅದೇ ಬಾಯಲ್ಲಿ, ಕಾರ್ಖಾನೆ ನೋಡಲು ಬಂದ ತಾಯಂದಿರಿಗೆ ಪ್ರಕೃತಿಯ ಬಗ್ಗೆ ಅರ್ಧ ಗಂಟೆ ಕೊರೆದರು. ಯಜಮಾನರ ಸ್ವಂತ ಮೊಮ್ಮಕ್ಕಳಿಗೆ ಹೋಗುವ ಬಾಟಲಿಗಳು ಮಾತ್ರ ಹಳೇ, ಒಳ್ಳೇ ಸ್ಪಿರಿಟ್ಟಿನವು, ಬೇರೆ ಬೀರುವಿನಲ್ಲಿ ಬೀಗದೊಳಗಿವೆ. ಅದನ್ನು ನಾನೇ ಕಣ್ಣಾರೆ ಕಂಡೆ.

ನನ್ನ ಮೇಲೂ ಹೇಸಿಗೆಯಾಗುತ್ತಿದೆ. ಸ್ಪಿರಿಟ್ಟು ಹೋಗಿದೆಯೇ ಎಂದು ಪ್ರತಿ ತಟ್ಟೆಯನ್ನೂ ಮೂಸಿ ನೋಡಿ ಬಾಟಲಿಯ ಚೀಟಿಗೆ ಸಹಿ ಹಾಕುವುದು ನನ್ನ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಘಾಟಿನಲ್ಲಿ ಮೂಗು ಸತ್ತೇ ಹೋಗಿತ್ತು. ಫ್ಯಾನ್ ತಿರುಗುತ್ತಿದೆಯಲ್ಲ ಎಂದು ಸಹಿ ಹಾಕುತ್ತಾ ಹೋದೆ. ಡ್ರಮ್ ಕಣ್ಣಿಗೆ ಬೀಳುವಷ್ಟರಲ್ಲಿ ನಿನ್ನ ಪಾರ್ಸೆಲ್ ಹೊರಟಾಗಿತ್ತು. ನನ್ನ ಮೇಜಿನ ಮೇಲೆ ಹೂವಿನ ಚಿತ್ರದ ಚೀಟಿಗಳ ರಾಶಿ ಹಾಗೇ ಬಿದ್ದಿದೆ, ಒಂದಕ್ಕೂ ಸಹಿ ಹಾಕಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಬಾಯಿಬಡುಕಿಯ ಎರಡು ಕೆನ್ನೆಗೂ ಮುತ್ತು. ಮೆಟ್ಟಿಲು ಹತ್ತಿ ಇಳಿದು ಮಂಡಿಯನ್ನು ಹಾಳು ಮಾಡಿಕೊಳ್ಳಬೇಡ.

ನಿನ್ನ ತಂಗಿ

ತಾ.ಕ.: ಅವಸರದಲ್ಲಿ ಭಾವನಿಗೆ ಬಾಟಲಿ ಎಸೆದುಬಿಡಿ ಅಂದಿದ್ದೆ. ಇನ್ನೂ ಎಸೆದಿಲ್ಲದಿದ್ದರೆ ದಯವಿಟ್ಟು ಎಸೆಯಬೇಡಿ. ನಾನು ಆಹಾರ ಇಲಾಖೆಗೆ ದೂರು ಕೊಟ್ಟೆ. ಸುಳಿವು ಸಿಕ್ಕಿ ಯಜಮಾನರ ಕಡೆಯವರು ಆ ಮಾಲಿನ ಚೀಟಿಗಳನ್ನೆಲ್ಲ ಕಿತ್ತು, ಬೇರೆ ತಾರೀಖಿನವು ಅಂಟಿಸಿ ಅಂಗಡಿಗಳಿಗೆ ಸಾಗಿಸುತ್ತಿದ್ದಾರೆ. ಸಾಕ್ಷಿಗೆ ಹಳೇ ಚೀಟಿ ಉಳಿದಿರುವುದು ನಿನ್ನ ಹತ್ತಿರದ ಬಾಟಲಿಯಲ್ಲಿ ಮಾತ್ರ. ಅದರ ಮೇಲಿರುವುದು ನನ್ನ ಸಹಿ, ಮೊದಲು ಹಿಡಿಯುವುದು ನನ್ನನ್ನೇ. ಹಿಡಿಯಲಿ. ಮಗುವಿನ ಕೈಗೆಟುಕದ ಕಡೆ ಎತ್ತಿಡು, ಶನಿವಾರ ಅಧಿಕಾರಿಯನ್ನು ಕರೆದುಕೊಂಡೇ ಬರುತ್ತೇನೆ.