ಇಗತಪುರಿಯಲ್ಲಿ ಸಭೆ ಹುಡುಕಿದ್ದು

ಪಂಚವಟಿ, ನಾಸಿಕ
೧೬ ಜುಲೈ ೧೯೭೪

ಪ್ರೀತಿಯ ತಮ್ಮ ಸದಾನಂದನಿಗೆ,

ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ನಿದ್ದೆ ಬರುತ್ತದಾ? ಔರಂಗಾಬಾದಿನಲ್ಲಿ ಮಳೆಯೇ ಇಲ್ಲ, ಬರೀ ಸೆಕೆ ಎಂದು ಉಮಾನಾಥ ಬರೆದಿದ್ದ. ನಿನ್ನ ಕೈ ನಡುಗುತ್ತದೆಂದೂ, ತನ್ನ ಹೋಟೆಲಿನಲ್ಲಿ ಬಡಿಸುವ ಕೆಲಸ ಬಿಡಿಸಿ ರುಬ್ಬಲು ಕೂರಿಸಿದ್ದೇನೆಂದೂ ಬರೆದಿದ್ದಾನೆ. ಅವನ ಮೇಲೆ ಸಿಟ್ಟಾಗಬೇಡ. ಚಾಡಿ ಹೇಳಿದ್ದಲ್ಲ, ಹೆದರಿ ಬರೆದದ್ದು. ಇಲ್ಲಿ ನಿನ್ನ ಭಾವನಿಗೆ ಕೆಮ್ಮು ಬಿಟ್ಟರೆ ಎಲ್ಲರೂ ಸೌಖ್ಯ. ಚಂಪಾಳ ಕೈಯ ಸುಟ್ಟ ಗಾಯ ಒಣಗಿದೆ. ಮೊಣಕೈವರೆಗೆ ಚರ್ಮ ಸುಕ್ಕಾಗಿ ಉಳಿಯುತ್ತದಂತೆ, ಆದರೆ ಬೆರಳು ಮಡಚಲು ಬರುತ್ತದೆ. ಮೊನ್ನೆ ತಾನೇ ಹೂ ಕಟ್ಟಿದಳು.

ಆ ಬೆಳಿಗ್ಗೆ ನೀನು ಕುಡಿದು ಅಡುಗೆಮನೆಗೆ ಬಂದು, ಕುದಿಯುವ ಸಾಂಬಾರಿನ ಪಾತ್ರೆಯನ್ನು ಕಟ್ಟಿಕೊಂಡ ಹೆಂಡತಿಯ ಕೈಮೇಲೆ ಮಗುಚಿ, ಅವಳ ಮುಖ ನೋಡಲಾರದೆ ಬಸ್ಸು ಹತ್ತಿದೆಯಲ್ಲ, ಆಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ ಮಾರಾಯ. ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತರೆ ಒಳಗೆ ಹೋಗಬೇಕೆನಿಸುತ್ತದೆ, ಒಳಗೆ ಹೋದರೆ ಬೀದಿಗೆ. ಡಾಕ್ಟರರ ಹತ್ತಿರ ಹೋದೆ, ಗುಳಿಗೆ ಬರೆದುಕೊಟ್ಟರು. ಭಟ್ಟರ ಹತ್ತಿರ ಹೋದೆ, ಹರಕೆ ಹೇಳಿದರು. ಎರಡನ್ನೂ ನಿನಗೆ ಈ ಮೊದಲೇ ಮಾಡಿ ಆಗಿತ್ತಲ್ಲ. ಕೊನೆಗೆ ನಮ್ಮಲ್ಲಿ ದಿನಾ ಊಟಕ್ಕೆ ಬರುವ ರೈಲ್ವೆ ಗಾರ್ಡ್ ಒಬ್ಬರು ಕೈ ತೊಳೆಯುತ್ತಾ ಹೇಳಿದರು, ಇಗತಪುರಿಯಲ್ಲಿ ಕುಡಿತ ಬಿಟ್ಟವರು ಕೆಲವರು ಭಾನುವಾರ ಮೀಟಿಂಗ್ ಎಂದು ಒಟ್ಟಿಗೆ ಕೂರುತ್ತಾರಂತೆ, ಬೊಂಬಾಯಿಯಲ್ಲಿ ಕಲಿತು ಬಂದದ್ದಂತೆ. ಎಲ್ಲಿ ಎಂದರೆ ಅವರಿಗೂ ಗೊತ್ತಿಲ್ಲ, ರೈಲ್ವೆ ಕಾಲೊನಿಯಲ್ಲಿ ಎಲ್ಲೋ ಎಂದರು. ಮೊನ್ನೆ ಭಾನುವಾರ ಹೊರಟುಬಿಟ್ಟೆ. ಚಂಪಾ ತವರಿಗೆ ಹೋಗಲೆಂದು ಪೆಟ್ಟಿಗೆ ಕಟ್ಟಿಟ್ಟವಳು, ನಾನು ಚಪ್ಪಲಿ ಮೆಟ್ಟುವಾಗ ತಾನೂ ಮೆಟ್ಟಿ ಜೊತೆಗೆ ಬಂದಳು.

ರೈಲು ಘೋಟಿ ಸ್ಟೇಷನ್ ದಾಟುವಾಗಲೇ ಕಿಟಕಿಯ ಹೊರಗೆ ಏನೂ ಕಾಣದಷ್ಟು ಮಳೆ. ಇಳಿದು ಕಾಲೊನಿಯಲ್ಲಿ ಬಾಗಿಲು ಬಾಗಿಲು ತಟ್ಟಿ, ನನಗೆ ಬರುವ ಮರಾಠಿಯಲ್ಲಿ ಮೀಟಿಂಗ್ ಎಲ್ಲಿ ಎಂದು ಕೇಳಿದೆ. ಒಬ್ಬಳು ಮುಖ ನೋಡಿ ಬಾಗಿಲು ಹಾಕಿದಳು. ಇನ್ನೊಬ್ಬಳು "ಇಥೇ ಕಸಲೀ ಮೀಟಿಂಗ್ ನಾಹೀ ಬಾಯಿ, ಜಾ", ಇಲ್ಲಿ ಎಂಥ ಮೀಟಿಂಗೂ ಇಲ್ಲ, ಹೋಗು ಎಂದು ಕೈಮುಗಿದಳು. ಆಮೇಲೆ ತಿಳಿಯಿತು. ಮೇ ತಿಂಗಳ ರೈಲ್ವೆ ಮುಷ್ಕರದಲ್ಲಿ ಆ ಕಾಲೊನಿಯ ಗಂಡಸರನ್ನು ಪೊಲೀಸರು ಎಳೆದುಕೊಂಡು ಹೋಗಿದ್ದರಂತೆ, ಕೆಲವರಿಗೆ ಇನ್ನೂ ಕೆಲಸ ವಾಪಸು ಸಿಕ್ಕಿಲ್ಲವಂತೆ. ಅಲ್ಲಿ ಮೀಟಿಂಗ್ ಎಂಬ ಮಾತೇ ಆಡುವ ಹಾಗಿಲ್ಲ, ನಾನೋ ಕೂಗಿ ಕೂಗಿ ಕೇಳಿದ್ದೇನೆ. ಸೀರೆಯೆಲ್ಲ ಒದ್ದೆಯಾಗಿ ವಾಪಸು ಹೊರಟೆವು. ಚಂಪಾ ಮಾತ್ರ ನಿಂತು, "ಅತ್ತಿಗೆ, ಮೀಟಿಂಗ್ ಅಂತ ಹೇಳ್ಬೇಡಿ. ನಮ್ಮ ಮನೆಯಲ್ಲಿ ಒಬ್ರು ಕುಡೀತಾರೆ ಅಂತ ಹೇಳುವ" ಎಂದಳು. ಇಷ್ಟು ವರ್ಷ ನಾವಿಬ್ಬರೂ ಹೊರಗಿನವರ ಮುಂದೆ ನುಂಗಿಕೊಂಡ ಮಾತು ಅದು. ಮುಂದಿನ ಮನೆಯ ಬಾಗಿಲಲ್ಲಿ ಅವಳೇ ಹೇಳಿದಳು. ಆ ಮನೆಯ ಮುದುಕಿ ಛತ್ರಿ ಹಿಡಿದು ಬಂದು ಜಾಗ ತೋರಿಸಿದಳು.

ಹಾಳುಬಿದ್ದ ಒಂದು ಶೆಡ್ಡು, ಒಂದು ಸ್ಟವ್, ಚಾ. ನಾಲ್ಕೈದು ಮಂದಿ ಗಂಡಸರು. ನಾನು ಚಂಪಾಳಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ಒಬ್ಬರು ಎದ್ದರು. "ಒಳಗ ಬರ್ರಿ ಅಕ್ಕೋರೆ, ಮಳಿ ಹೊಡಿಲತ್ತದ" ಎಂದರು. ಹೆಸರು ಗುರುಲಿಂಗಪ್ಪ, ಬೀದರ ಕಡೆಯವರು, ಎಂಜಿನ್ ಶೆಡ್ಡಿನಲ್ಲಿ ಫಿಟ್ಟರ್. ಅಲ್ಲಿ ಯಾರೂ ಭಾಷಣ ಮಾಡಲಿಲ್ಲ, ಯಾರೂ ಪ್ರಮಾಣ ಮಾಡಿಸಲಿಲ್ಲ. ಒಬ್ಬೊಬ್ಬರೇ ತಮ್ಮದನ್ನು ಹೇಳಿಕೊಂಡರು. ಗುರುಲಿಂಗಪ್ಪನವರು, "ಹೆಣ್ತಿ ತಾಳಿ ಮಾರಿ ಕುಡದಂವ ನಾ. ಇವತ್ತ ಕುಡದಿಲ್ಲ. ನಾಳಿಂದು ನನಗೂ ಗೊತ್ತಿಲ್ರಿ" ಎಂದರು. ಎಷ್ಟು ಸಾದಾ ಹೇಳಿದರೆಂದರೆ, ಚಾಕ್ಕೆ ಸಕ್ಕರೆ ಸಾಕೇ ಎಂದು ಕೇಳಿದ ಹಾಗೆ. ಆಗ ಚಂಪಾ ತಲೆಯೆತ್ತಿ, "ನಂಗೆ ಅವ್ರ ಮೇಲೆ ಸಿಟ್ಟಿಲ್ಲ. ಹೆದ್ರಿಕೆ ಉಂಟು" ಎಂದು ಅತ್ತಳು. ಕೈ ಸುಟ್ಟಾಗಲೂ ಅಳದವಳು.

ತಮ್ಮನನ್ನು ಎಳೆದು ತರುತ್ತೇನೆ ಎಂದೆ. ಅವರೆಲ್ಲ ಬೇಡವೆಂದು ತಲೆಯಾಡಿಸಿದರು. ತಾನೇ ಬರಬೇಕು, ತಂದರೆ ಪ್ರಯೋಜನವಿಲ್ಲ ಎಂದರು. ಔರಂಗಾಬಾದಿನಲ್ಲಿ ಇಂಥದ್ದು ಉಂಟಾ ಎಂದು ಕೇಳಿದರೆ ಇಲ್ಲವೆಂದರು. ವಾಪಸು ಬರುವಾಗ ರೈಲಿನಲ್ಲಿ ನನಗೆ ಅದೇ ಕೊರಗು. ಚಂಪಾ ಪೆಟ್ಟಿಗೆ ಬಿಚ್ಚಿಲ್ಲ. ಆದರೆ ಹೋಗುವ ದಿನ ಹೇಳುವುದನ್ನೂ ನಿಲ್ಲಿಸಿದ್ದಾಳೆ. ಅವಳು ನಿನಗಾಗಿ ಕಾಯುತ್ತಾಳೆಂದು ನಾನು ಬರೆಯಲಾರೆ, ಅದು ಅವಳು ಹೇಳಬೇಕಾದ ಮಾತು. ನಾನು ನಿನ್ನ ಅಕ್ಕ, ನನಗೆ ಬೇರೆ ದಾರಿಯಿಲ್ಲ, ನಾನು ಕಾಯುತ್ತೇನೆ.

ಮೈ ಜೋಪಾನ. ದೇವರು ನಿನ್ನ ಕೈ ಬಿಡದಿರಲಿ. ಉಮಾನಾಥನಿಗೂ ಅವನ ಮನೆಯವರಿಗೂ ನಮ್ಮ ನೆನಪು ತಿಳಿಸು.

ನಿನ್ನ ಅಕ್ಕ
ಅನಸೂಯ

ತಾ.ಕ.: ಇದನ್ನು ಅಂಚೆಗೆ ಹಾಕಿಲ್ಲ. ಈಗ ನಿನ್ನ ಕೈಗೆ ಕೊಟ್ಟವರೇ ಗುರುಲಿಂಗಪ್ಪನವರು. ಇಂದು ಬೆಳಿಗ್ಗೆ ರಜೆ ಹಾಕಿ ಇಲ್ಲಿಗೆ ಬಂದು, "ಊರಾಗ ಸಭಾ ಇಲ್ಲಂದ್ರ ಏನಾಯ್ತು, ಇಬ್ಬರು ಕೂತ್ರ ಅದೇ ಸಭಾರಿ" ಎಂದು ನಿನ್ನ ವಿಳಾಸ ಕೇಳಿದರು. ಅದಕ್ಕೇ ಅವಸರದಲ್ಲಿ ಬರೆದೆ. ನೀನು ಓದಿ ಮುಗಿಸುವವರೆಗೆ ಬಾಗಿಲ ಹೊರಗೆ ನಿಂತಿರುತ್ತಾರೆ, ಕರೆಯದೆ ಒಳಗೆ ಬರುವುದಿಲ್ಲವಂತೆ. ಬೇಡವೆಂದರೆ ಬೇಜಾರಿಲ್ಲದೆ ರಾತ್ರಿಯ ಬಸ್ಸಿಗೆ ಹೋಗುತ್ತಾರಂತೆ. ಕರೆಯುತ್ತೀಯಾ ಮಗಾ?