ಶೆಡ್ಡಿನ ನೆಲ

19-8-2006, ಶನಿವಾರ. ಮಾಣಿ ಪೇಟೆ

ಸ್ಪ್ರಿಂಗಿನ ಬದಲು ಗಾಡಿಯನ್ನು ಎತ್ತಿ ಹಿಡಿಯುವ ಹೊಸ ಗಾಳಿಚೀಲ ಹಾಕಿಕೊಟ್ಟ ಮೇಲೂ ಹಾಜಬ್ಬನವರ ಫೋರ್ ವೀಲ್ ಡ್ರೈವ್ ಗಾಡಿ ಇವತ್ತು ಮೂರನೇ ಸಲ ವಾಪಸ್ ಬಂತು. ನನ್ನ ಶೆಡ್ಡಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ಅವರ ಮನೆಯಲ್ಲಿ ಎಡಕ್ಕೆ ವಾಲುತ್ತದೆ. ಗಾಳಿ ಸೋರುತ್ತದೋ ಎಂದು ಸೋಪುನೀರು ಹಾಕಿ ನೋಡಿದೆ, ಒಂದು ಗುಳ್ಳೆಯೂ ಇಲ್ಲ. ಗಾಡಿಯ ಎತ್ತರ ಅಳೆಯುವ ಸೆನ್ಸರನ್ನು ಮತ್ತೆ ಹೊಂದಿಸಿದೆ. ತಲೆಕೆಟ್ಟು, "ನಿಮ್ಮ ಅಂಗಳವೇ ಓರೆ ಉಂಟು, ಸಾಹೇಬ್ರೇ" ಎಂದುಬಿಟ್ಟೆ. ಅವರು ಬಾಗಿಲನ್ನು ದಡಾರನೆ ಹಾಕಿ ಗಾಡಿ ತೆಗೆದುಕೊಂಡು ಹೋದರು.

ಸಂಜೆ ಬಂದ ಗಾರೆ ಕೆಲಸದ ತುಕ್ರಪ್ಪ ಕತೆ ಕೇಳಿ ನಕ್ಕ. "ನೀರು ನಿಲ್ಲಬಾರದು ಅಂತ ಈ ಶೆಡ್ಡಿನ ನೆಲಕ್ಕೆ ಇಳಿಜಾರು ಮಾಡಿಸಿದ್ದು ನೀವೇ ಅಲ್ವಾ ಮಾರಾಯ್ರೆ?"

ಪ್ರತಿ ಸಲವೂ ಆ ಇಳಿಜಾರಿನ ಮೇಲೆಯೇ ಗಾಡಿಯನ್ನು ನೆಟ್ಟಗೆ ಮಾಡಿದ್ದೇನೆ, ಸಮ ನೆಲಕ್ಕೆ ಹೋದರೆ ಅದು ವಾಲಲೇಬೇಕು. ಹಾಜಬ್ಬನವರ ಅಂಗಳ ಸರಿಯಾಗಿಯೇ ಇದೆ. ನಾಳೆ ಅಲ್ಲಿಗೇ ಹೋಗಿ ಹೊಂದಿಸಬೇಕು, ಅವರು ಗೇಟು ತೆಗೆದರೆ.