ನೋಡಿದಾಗ ಮಾತ್ರ ಓಡುವ ಪಂಪು

ಕೆರೆಯ ಪಕ್ಕದ ಮೈದಾನ, ಏಳನೆಯ ಜಾಗ
ಬುಧವಾರ, ಬೆಳಗ್ಗೆ

ನನ್ನ ಸ್ಕ್ರೂ ಪುಟ್ಟಿಗೆ,

ಅಜ್ಜಿಯ ಆಶೀರ್ವಾದ. ನಾನು ಚೆನ್ನಾಗಿದ್ದೇನೆ, ನಿನ್ನ ತಾತ ಚೆನ್ನಾಗಿದ್ದಾರೆ. ಚೆನ್ನಾಗಿಲ್ಲದ್ದು ಚಕ್ರದ ಮೇಲಿನ ನಮ್ಮ ಈ ಗಾಡಿಮನೆಯ ನೀರಿನ ಪಂಪು ಒಂದೇ. ಅದರ ವಂಶ ನಿರ್ವಂಶವಾಗ.

ಹನ್ನೊಂದು ದಿನವಾಯಿತು. ನಲ್ಲಿ ತಿರುಗಿಸಿದರೆ ಸೀಟಿನ ಕೆಳಗೆ ಪಂಪು ಗುರ್ ಅಂದು ನೀರು ಬರಬೇಕು. ಒಂದು ಸಲ ಬರುತ್ತದೆ, ಎರಡು ಸಲ ಬರುತ್ತದೆ, ಮೂರನೆಯ ಸಲ ನಾನು ತಲೆಗೆಲ್ಲ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಾಗ ಅದಕ್ಕೆ ಮೌನವ್ರತ. ಟವೆಲ್ ಸುತ್ತಿಕೊಂಡು, ಬಕೆಟ್ ಹಿಡಿದು, ಮೈದಾನದ ನಲ್ಲಿಗೆ ಓಡಬೇಕು. ಈ ವಯಸ್ಸಿನಲ್ಲಿ ನನ್ನನ್ನು ಆ ವೇಷದಲ್ಲಿ ನೋಡುವ ಭಾಗ್ಯ ಪಕ್ಕದ ಗಾಡಿಯ ರಿಟೈರಾದ ಮೇಷ್ಟ್ರದು.

ತಾತ ಏನು ಮಾಡಲಿಲ್ಲ ಅಂತ ಕೇಳು. ಬ್ಯಾಟರಿ ನೋಡಿದರು, ತುಂಬಿತ್ತು. ಫ್ಯೂಸು ಬದಲಾಯಿಸಿದರು. ನೀರು ಸೋಸುವ ಜಾಲರಿ ಬಿಚ್ಚಿ ನನ್ನ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರು; ಅವರದೂ ಪಕ್ಕದಲ್ಲೇ ಇತ್ತು. ಪೈಪಿನಲ್ಲಿ ಗಾಳಿ ಸೇರಿದೆ ಅಂತ ಒಂದು ದಿನ, ಸ್ವಿಚ್ಚು ಸತ್ತಿದೆ ಅಂತ ಎರಡು ದಿನ. ಆಮೇಲೆ ಮೇಷ್ಟ್ರು ಬಂದು, ಗಾಡಿ ಇಳಿಜಾರಿನಲ್ಲಿ ನಿಂತಿದೆ, ಅದಕ್ಕೇ ಹೀಗೆ, ಅಂದರು. ಚಕ್ರದ ಕೆಳಗೆ ಹಲಗೆ ಕೊಟ್ಟದ್ದೂ ಆಯಿತು. ಪಂಪು ಇದ್ದ ಹಾಗೇ ಇದೆ, ನಾನು ಮಾತ್ರ ಮಲಗಿದರೆ ಗೋಡೆಗೆ ಹೋಗಿ ಉರುಳುತ್ತೇನೆ.

ಹೊಟ್ಟೆ ಉರಿಯುವುದು ಯಾವುದಕ್ಕೆಂದರೆ, ಅವರು ಸೀಟೆತ್ತಿ ನೋಡಿದಾಗಲೆಲ್ಲ ಆ ಹಾಳಾದ್ದು ಸೊಗಸಾಗಿ ಓಡುತ್ತದೆ. ನೆಂಟರೆದುರು ಗಂಡನಿಗೆ ಎರಡು ಸಲ ಬಡಿಸುವ ಹೆಂಡತಿಯ ಹಾಗೆ. ಸೀಟಿನ ಕೆಳಗಿನ ಬಟ್ಟೆಬರೆ ಮೊದಲು ತೆಗೆದುಕೊಡುವವಳು ನಾನು. ಅವರು ಬಗ್ಗಿ ಟಾರ್ಚ್ ಬಿಟ್ಟು, ತಿರುಗ್ಸೇ ನಲ್ಲೀನ, ಅಂತಾರೆ. ತಿರುಗಿಸುತ್ತೇನೆ, ಗುರ್. ನೋಡಿದ್ಯಾ, ಅಂತ ಮೀಸೆ ಸವರಿಕೊಳ್ಳುತ್ತಾರೆ. ಬಟ್ಟೆಬರೆ ಒಳಗಿಟ್ಟು ಸೀಟು ಮುಚ್ಚಿ ಒಂದು ಗಂಟೆಯಾಗಲಿ, ಮತ್ತೆ ಅದೇ ರಾಗ, ಅದೇ ಹಾಡು. ಮೊನ್ನೆ, ನಿನ್ನ ಕೈ ತಾಗಿದ್ರೇ ನಿಂತುಹೋಗುತ್ತೆ ಕಣೇ ಅದು, ಅಂದರು. ನಲವತ್ತೆಂಟು ವರ್ಷದಿಂದ ಇದೇ ಕೈಯ ಅಡುಗೆ ಉಂಡು ನೀವಿನ್ನೂ ಓಡ್ತಿದ್ದೀರಲ್ಲ, ನೀವು ಯಾವ ಕಂಪನಿ ಪಂಪು ರೀ, ಅಂದೆ.

ನಗಬೇಡ. ನಗುವ ಮಾತು ಅಲ್ಲಿಗೆ ಮುಗಿಯಿತು.

ನಿನ್ನೆ ಸಣ್ಣ ಸ್ಕ್ರೂ ಒಂದು ಅವರ ಕೈಜಾರಿ ಬಿತ್ತು. ಮೊಣಕಾಲಿನ ಹತ್ತಿರವೇ ಬಿದ್ದಿತ್ತು, ಅವರು ಮೂಲೆಯನ್ನೆಲ್ಲ ತಡಕಿದರು. ನಾನು ಕಾಲಬೆರಳಿನಿಂದ ಮೆಲ್ಲಗೆ ತಳ್ಳಿದ ಮೇಲೆ ಸಿಕ್ಕಿತು. ಹಾಕುವಾಗ ಮೂರು ಸಲ ತೂತು ತಪ್ಪಿತು. ಇದನ್ನು ನಾನು ಬರೆದಿಲ್ಲ, ನೀನು ಓದಿಲ್ಲ. ನಲವತ್ತು ವರ್ಷ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿ ರೋಗ ಹೇಳಿದ ಮನುಷ್ಯ, ಹಳೆಯ ಬನಿಯನ್ನಿನಲ್ಲಿ ಸ್ಪ್ಯಾನರುಗಳನ್ನೆಲ್ಲ ಸುತ್ತಿ ಗಂಟು ಹಾಕಿದರು. ಭಾನುವಾರ ಮೇಷ್ಟ್ರಿಗೆ ಕೊಟ್ಬಿಡ್ತೀನಿ, ಇನ್ನು ನನ್ನ ಕೈಲಾಗಲ್ಲ ಕಣೇ, ಅಂದರು. ಬೈಯೋಣ ಅಂತ ಹೋದವಳು ಆ ಗಂಟನ್ನು ಎತ್ತಿ ಸೀಟಿನ ಮೇಲಿಟ್ಟೆ.

ಆಮೇಲೆ ಎಷ್ಟೋ ಹೊತ್ತಿಗೆ, ಗೋಡೆಗೆ ಹೇಳಿದ ಹಾಗೆ, ಅವಳಿದ್ದಿದ್ರೆ ಬರೀ ಕಿವಿಯಿಟ್ಟೇ ಹೇಳಿಬಿಡೋಳು, ಅಂದರು. ಎರಡು ವರ್ಷದಲ್ಲಿ ನಿನ್ನ ವಿಷಯ ಅವರ ಬಾಯಿಗೆ ಬಂದದ್ದು ಇದೇ ಮೊದಲು.

ತಪ್ಪು ಯಾರದು ಅಂತ ನಾನು ಮತ್ತೆ ತಕ್ಕಡಿ ಹಿಡಿಯುವುದಿಲ್ಲ. ರಿಪೇರಿ ಶೆಡ್ಡಿನಲ್ಲಿ ಗಿರಾಕಿಗಳೆದುರು ಅವರ ಕೈಯಿಂದ ಸ್ಪ್ಯಾನರು ಕಿತ್ತುಕೊಂಡು, ನಿಮಗೆ ಕಾಣಿಸ್ತಿಲ್ಲ, ಬಿಡಿ ತಾತ, ಅಂದವಳು ನೀನು. ನೀನು ಹೇಳಿದ್ದೇ ಸರಿಯಾಗಿತ್ತು, ಅವರಿಗೆ ಚುಚ್ಚಿದ್ದೂ ಅದೇ. ನನ್ನ ಶೆಡ್ಡಿನ ಹೊಸ್ತಿಲು ತುಳೀಬೇಡ ಅಂದವರು ಅವರು. ಶೆಡ್ಡು ಮಾರಿ ಈ ಗಾಡಿ ಕೊಂಡದ್ದಾಯಿತು. ಈ ಗಾಡಿಗೆ ಹೊಸ್ತಿಲೇ ಇಲ್ಲ, ಎರಡು ಮೆಟ್ಟಿಲು ಇವೆ ಅಷ್ಟೇ. ಹತ್ತಿ ಬಾ.

ಶನಿವಾರದೊಳಗೆ ಬಾ. ನಾನು ಕರೆದೆ ಅನ್ನಬೇಡ. ಈ ಕಡೆ ಯಾರದೋ ರಿಪೇರಿಗೆ ಬಂದಿದ್ದೆ ಅನ್ನು. ಅವರು ನಂಬುವುದಿಲ್ಲ, ಆದರೆ ನಂಬಿದ ಹಾಗೆ ಮಾಡುತ್ತಾರೆ. ಅಷ್ಟು ಅವರಿಗೆ ಬರುತ್ತದೆ.

ತಲೆಯ ಸೋಪು ಇನ್ನೂ ತೊಳೆಯದ,
ನಿನ್ನ ಅಜ್ಜಿ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಪಂಪಿನ ರೋಗ ನನಗೆ ನಿನ್ನೆ ಸಂಜೆಯೇ ಗೊತ್ತಾಯಿತು. ನಿನ್ನ ಪತ್ರಗಳನ್ನು ಅವರ ಕಣ್ಣಿಗೆ ಬೀಳದ ಹಾಗೆ ಪಂಪಿನ ಹಿಂದೆ ಬಚ್ಚಿಡುತ್ತೇನೆ. ಹನ್ನೆರಡು ದಿನದ ಹಿಂದೆ ಬಂದ ಪತ್ರ ಹಳೆಯ ಡಬ್ಬಿಯಲ್ಲಿ ಹಿಡಿಸಲಿಲ್ಲ, ಎಲ್ಲವನ್ನೂ ದೊಡ್ಡ ಬಿಸ್ಕತ್ತು ಡಬ್ಬಿಗೆ ತುಂಬಿದೆ. ಆ ಡಬ್ಬಿ ವಾಲಿದರೆ ಪಂಪಿನ ತಂತಿ ಎಳೆದು ಕೊಂಡಿ ಸಡಿಲಾಗುತ್ತದೆ, ಡಬ್ಬಿ ತೆಗೆದರೆ ಮತ್ತೆ ಕೂಡಿಕೊಳ್ಳುತ್ತದೆ. ಅವರು ನೋಡುವ ಮೊದಲು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ತೆಗೆಯುವವಳು ನಾನೇ. ಮತ್ತೆ ಪಂಪು ಓಡದೆ ಏನು ಮಾಡೀತು. ಹನ್ನೊಂದು ದಿನ ಆ ಮನುಷ್ಯ ತನ್ನ ಕೈಯನ್ನು ತಾನೇ ನಂಬದ ಹಾಗೆ ಮಾಡಿದವಳು ನಿನ್ನ ಈ ಜಾಣ ಅಜ್ಜಿ.

ಡಬ್ಬಿ ಬೇರೆ ಕಡೆ ಇಟ್ಟರೆ ಪಂಪು ಸರಿಹೋಗುತ್ತದೆ, ಅವರು ಸರಿಹೋಗುವುದಿಲ್ಲ. ಅದಕ್ಕೇ ಮತ್ತೆ ಅಲ್ಲೇ ವಾಲಿಸಿ ಇಟ್ಟಿದ್ದೇನೆ. ನೀನು ಬಂದ ದಿನ ನಾನು ಒಂದು ಕರ್ಚೀಫನ್ನೂ ತೆಗೆಯುವುದಿಲ್ಲ. ಅವರೇ ಹುಡುಕಲಿ, ಅವರೇ ಸಿಕ್ಕಿತು ಅನ್ನಲಿ, ಡಬ್ಬಿಯ ಮುಚ್ಚಳವನ್ನೂ ಅವರೇ ತೆಗೆಯಲಿ. ತಾತನ ಕಣ್ಣು ಹೇಗಿದೆ ಅಂತ ನೀನು ಕೇಳಿದ ಪತ್ರವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ನೀನು ಬಾಯಿ ಮುಚ್ಚಿಕೊಂಡು ಟಾರ್ಚ್ ಹಿಡಿ, ಆರು ವರ್ಷದವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಅವರು ಓದಿ ಮುಗಿಸುವ ತನಕ ಬೆಳಕು ಅಲ್ಲಾಡಿಸಬೇಡ.